ದಪ್ಪಕ್ಷರ

ಕನ್ನಡಕದ ಗಾಜು ದಪ್ಪವಾದಂತೆಲ್ಲ ನನ್ನ ಓದು ಪುಟದ ಮೇಲಕ್ಕೆ ಸರಿಯುತ್ತಿದೆ. ಮೊದಲು ಪತ್ರಿಕೆಯ ಸಣ್ಣಕ್ಷರ ಕೈಬಿಟ್ಟಿತು. ಈಗ ತಲೆಬರಹಗಳಷ್ಟೇ ಉಳಿದಿವೆ. ಲೋಕದ ಸುದ್ದಿಯೆಲ್ಲ ನನಗೆ ಗೊತ್ತು; ಒಂದರ ವಿವರವೂ ಗೊತ್ತಿಲ್ಲ. (ಕಣ್ಣು ನೆಟ್ಟಗಿರುವವರಲ್ಲೂ ಇಂಥವರು ಬಹುಮಂದಿ ಇದ್ದಾರೆಂಬುದೇ ಸಮಾಧಾನ.) ಹೀಗಾಗಿ ದಪ್ಪಕ್ಷರದಲ್ಲಿ ನನಗೀಗ ಸ್ವಾರ್ಥ ಹುಟ್ಟಿದೆ.

ಇಂಗ್ಲಿಷ್ ಅಚ್ಚಿನಲ್ಲಿ ಒಂದು ಜಟ್ಟಿ ಅಕ್ಷರವುಂಟು. ಅದರ ಗೆರೆಗಳ ತುದಿಗೆಲ್ಲ ಮಣೆಯಿಟ್ಟಂತೆ ಚಪ್ಪಟೆಯಾದ ದಪ್ಪ ಪಟ್ಟಿ. 'ಐ' ಎಂಬುದಂತೂ ಎರಡು ಮಣೆಗಳ ನಡುವೆ ನಿಲ್ಲಿಸಿದ ಒನಕೆ. 1810ರ ದಶಕದಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಗೋಡೆಯ ಜಾಹೀರಾತುಗಳಲ್ಲಿ ಬೆಳೆಯಿತು. 'ಈಜಿಪ್ಷಿಯನ್' ಎಂದು ಹೆಸರು ಬಿತ್ತು. ಈಜಿಪ್ಟಿಗೂ ಅದಕ್ಕೂ ನೆಂಟಸ್ತಿಕೆಯೇನೂ ಇಲ್ಲ. 1845ರಲ್ಲಿ ರಾಬರ್ಟ್ ಬೆಸ್ಲಿ 'ಕ್ಲಾರೆಂಡನ್' ಹೊರತಂದ ಮೇಲೆ ಈ ಜಟ್ಟಿ ನಿಘಂಟಿನೊಳಗೂ ಬಂದು ಕುಳಿತ. ಸಣ್ಣಕ್ಷರಗಳ ಸಂತೆಯಲ್ಲಿ ಬೇಕಾದ ಶಬ್ದ ಕಣ್ಣಿಗೆ ರಾಚಬೇಕಲ್ಲ!

ಕನ್ನಡಕ್ಕೆ ಈ ಮಣೆ ಹೊಂದದು. ನಮ್ಮ ಅಕ್ಷರ ಕಾಲೂರಿ ನಿಲ್ಲುವ ಜಾತಿಯದಲ್ಲ, ದುಂಡಗೆ ಕುಳಿತುಕೊಳ್ಳುವ ಜಾತಿ. ಅದಕ್ಕಿರುವ ಪಟ್ಟಿಯೆಂದರೆ ತಲೆಕಟ್ಟು. ಇಂಗ್ಲಿಷ್ ಅಕ್ಷರ ಬೂಟು ಮೆಟ್ಟಿಕೊಂಡು ಬಂದರೆ, ನಮ್ಮದು ಮುಟ್ಟಾಳೆ ಇಟ್ಟುಕೊಂಡು ಬರುತ್ತದೆ. ಅದನ್ನು ಸುಮ್ಮನೆ ಕೊಬ್ಬಿಸಿದರೆ ಹೊಟ್ಟೆಯೊಳಗಿನ ಬಿಳಿ ಮುಚ್ಚಿಹೋಗುತ್ತದೆ. ಕಣ್ಣು ಓದುವುದಾದರೋ ಆ ಬಿಳಿಯನ್ನೇ. 'ಪ'ದ ಬಾಯಿ ಮುಚ್ಚಿದರೆ 'ವ': ಉಡುಪಿಯಿಂದ ಕಾಪುವಿಗೆ ಹೊರಟ ಬಸ್ಸು ಪುತ್ತೂರಿನಾಚೆಯ ಕಾವಿಗೆ ಹೊರಟಂತಾಯಿತು. 'ಠ'ದ ಚುಕ್ಕೆ ತುಂಬಿದರೆ 'ರ': ಅಷ್ಟಮಠಗಳ ಊರಿನಲ್ಲಿ ಮಠಗಳೆಲ್ಲ ಮರಗಳು! ರಥಬೀದಿಯ 'ಥ'ಕ್ಕೂ ಇದೇ ಗಂಡಾಂತರ.

ಆಸ್ಪತ್ರೆ ಕಾಲೇಜುಗಳು ಬರುವ ಮೊದಲೇ, 1941ರಲ್ಲಿ, ಮಣಿಪಾಲಕ್ಕೆ ಅಚ್ಚುಕೂಟ ಬಂದಿತ್ತು. ಸೀಸದ ಮೊಳೆಗಳ ಆ ಕಾಲದಲ್ಲಿ ದಪ್ಪಕ್ಷರದ್ದು ಬೇರೆಯೇ ಮೊಳೆ. ಎಲ್ಲಿ ಕೊಬ್ಬಿಸಬೇಕು, ಎಲ್ಲಿ ಬಿಡಬೇಕು ಎಂದು ಒಬ್ಬನು ಯೋಚಿಸಿ ಕೊರೆದದ್ದು. ಈಗ ಗಣಕದಲ್ಲಿ 'ಬೋಲ್ಡ್' ಎಂಬ ಗುಂಡಿಯುಂಟು. ಆ ಅಕ್ಷರಮಾಲೆಗೆ ದಪ್ಪದ ರೂಪವನ್ನು ಯಾರೂ ಬರೆದಿಟ್ಟಿರದಿದ್ದರೆ ಯಂತ್ರ ತಾನೇ ಎಲ್ಲ ಗೆರೆಗಳಿಗೂ ಸಮನಾಗಿ ಮಸಿ ಬಳಿಯುತ್ತದೆ. ಮದುವೆಯ ಕರೆಯೋಲೆಯಲ್ಲಿ ವರನ ಹೆಸರು ಮುದ್ದೆಯಾಗಿ ಕುಳಿತಿರುವುದನ್ನು ನೀವೂ ನೋಡಿರಬಹುದು.

ಬಸ್ಸಿನ ಹಲಗೆಯ ಪೇಂಟರನಿಗೆ ಈ ವಿದ್ಯೆ ಯಾವ ಶಾಲೆಯೂ ಕಲಿಸಿದ್ದಲ್ಲ. 'ಕಾರ್ಕಳ' ಎಂದು ಅವನು ಬರೆದರೆ ಅರ್ಕಾವತ್ತೂ ಮೈತುಂಬಿಕೊಂಡು, 'ಕ'ದ ಹೊಟ್ಟೆಯ ಎರಡು ಕಿಂಡಿಗಳೂ ತೆರೆದೇ ಇರುತ್ತವೆ. ಕಂಡಕ್ಟರನ ಕೂಗು ಕೇಳದಷ್ಟು ದೂರದಿಂದಲೇ ಓದಿ, ಕೊಡೆ ಮಡಚಿ, ಸಿದ್ಧನಾಗಿ ನಿಲ್ಲಬಹುದು. ಕೆಲವು ಬಸ್ಸುಗಳಲ್ಲಿ ಕೆಂಪು ದೀಪದ ಚುಕ್ಕೆಗಳು ಸಾಲಾಗಿ ಓಡುತ್ತವೆ. ಓಡುವ ಅಕ್ಷರವನ್ನು ಓದಲು ಮುದುಕನೂ ಓಡಬೇಕು.

ಕಾರ್ಕಳದ ಗೋಮಟನಲ್ಲಿ ಮಸಿಯೂ ಇಲ್ಲ, ಬಣ್ಣವೂ ಇಲ್ಲ. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಆ ಮೂರ್ತಿಯ ಪಕ್ಕದಲ್ಲಿ ಶಾಸನವಿದೆ. ಕಲ್ಲಿನ ಅಕ್ಷರಕ್ಕೆ ಕಪ್ಪು ಕೊಡುವುದು ನೆರಳು. ನಡುಮಧ್ಯಾಹ್ನ ಅದು ಕಲ್ಲಿನೊಳಗೇ ಅಡಗಿರುತ್ತದೆ. ಬಿಸಿಲು ಓರೆಯಾಗಿ ಬಿದ್ದರೆ ತೋಡಿದ ಗೆರೆಯಲ್ಲಿ ನೆರಳು ನಿಂತು ಸಣಕಲು ಅಕ್ಷರವೂ ಮೈ ತುಂಬಿಕೊಳ್ಳುತ್ತದೆ. ನಾನೀಗ ಮಧ್ಯಾಹ್ನದ ಬಸ್ಸು ಹಿಡಿಯುವುದಿಲ್ಲ.