ಆಗುಂಬೆಯ ಸೀಮೆಯಲ್ಲೊಂದು ಪಡುವಣ ಗೋಡೆ

ಕಳೆದ ವೈಶಾಖಮಾಸದಲ್ಲಿ ನಾವು ಬೆಂಗಳೂರಿನಿಂದ ಹೊರಟು, ಶಿವಮೊಗ್ಗ ತೀರ್ಥಹಳ್ಳಿಗಳ ಮಾರ್ಗವಾಗಿ, ಆಗುಂಬೆಯ ಸಮೀಪದಲ್ಲಿರುವ ನಮ್ಮ ಸೋದರತ್ತೆಯವರ ಮನೆಗೆ ಹೋದೆವು. ಮಲೆನಾಡನ್ನು ನೋಡಿಬರುವ ಆಸೆಯೆಂದು ನೆರೆಹೊರೆಯವರಿಗೆ ಹೇಳಿದ್ದೆವಾದರೂ ನಿಜಸಂಗತಿಯು ಬೇರೆಯಾಗಿದ್ದಿತು. ಮೂರು ವರ್ಷಗಳ ಹಿಂದೆ ಅದೇ ಮನೆಯ ಜಗಲಿಯ ಮೇಲೆ ಕುಳಿತು, “ಪ್ರತಿವರ್ಷವೂ ಈ ಸೋಗೆ ಕಟ್ಟುವ ಕಷ್ಟವೇಕೆ, ಅತ್ತೆ? ಪಡುವಣ ಗೋಡೆಗೆ ಸಿಮೆಂಟಿನ ಗಾರೆ ಮಾಡಿಸಿಬಿಡಿ” ಎಂದು ಬುದ್ಧಿ ಹೇಳಿದವರು ನಾವೇ. ಆ ಗೋಡೆಯ ಬಹುಭಾಗವು ಹಿಂದಿನ ಶ್ರಾವಣದಲ್ಲಿ ಒಂದು ರಾತ್ರಿ ಕುಸಿಯಿತು. ಆ ಕೋಣೆಯಲ್ಲಿ ಅಂದು ಯಾರೂ ಮಲಗಿರಲಿಲ್ಲ.

ಬಯಲುಸೀಮೆಯ ಲೆಕ್ಕವು ಮಲೆನಾಡಿಗೆ ಸಲ್ಲದೆಂಬುದನ್ನು ನಾವು ಆಗಲೇ ತಿಳಿಯಬೇಕಾಗಿದ್ದಿತು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 38 ಅಂಗುಲ ಮಳೆಯಾದರೆ ಆಗುಂಬೆಯಲ್ಲಿ ಸುಮಾರು 300 ಅಂಗುಲ. 1946ನೆಯ ಇಸವಿಯ ಆಗಸ್ಟ್ ತಿಂಗಳೊಂದರಲ್ಲಿಯೇ ಅಲ್ಲಿ 4,508 ಮಿಲಿಮೀಟರ್ ಬಿದ್ದುದಾಗಿ ದಾಖಲೆಯುಂಟು. ನಮ್ಮ ಊರಿಗೆ ನಾಲ್ಕು ವರ್ಷಗಳಲ್ಲಿ ಬೀಳುವುದಕ್ಕಿಂತಲೂ ಅದು ಹೆಚ್ಚು. ಕಡಲಿನಿಂದ ಬರುವ ಮೋಡಗಳು ಘಟ್ಟಕ್ಕೆ ತಾಗಿ ಮೇಲೇರಿ ಅಲ್ಲಿಯೇ ಸುರಿದುಬಿಡುತ್ತವೆ. ಆ ಮಳೆಯು ನೆಟ್ಟಗೆ ಬೀಳುವುದಲ್ಲ. ಪಡುವಣ ಗಾಳಿಯೊಡನೆ ಓರೆಯಾಗಿ ಬಂದು ಗೋಡೆಯನ್ನೇ ಹೊಡೆಯುತ್ತದೆ.

ತೀರ್ಥಹಳ್ಳಿಯನ್ನು ದಾಟಿದ ಮೇಲೆ ದಾರಿಯುದ್ದಕ್ಕೂ ಹಳೆಯ ಮನೆಗಳನ್ನು ಗಮನಿಸುತ್ತ ಹೋದೆವು. ಕೋಳಿಯು ಮರಿಗಳ ಮೇಲೆ ರೆಕ್ಕೆ ಹರಡಿದಂತೆ ಅವುಗಳ ಮಾಡು ಗೋಡೆಗಳಿಂದಾಚೆಗೆ ಬಹುದೂರ ಚಾಚಿರುತ್ತದೆ. ಹಿಂದೆ ಸೋಗೆಯದೋ ನಾಡಹೆಂಚಿನದೋ ಆಗಿದ್ದ ಈ ಮಾಡುಗಳಿಗೆ ಈಗ ಹೆಚ್ಚಾಗಿ ಮಂಗಳೂರು ಹೆಂಚು ಹೊದಿಸಿದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿ ಮಾಡತೊಡಗಿದ ಈ ಹೆಂಚು ಒಂದರೊಳಗೊಂದು ಕಚ್ಚಿಕೊಳ್ಳುವುದರಿಂದ ಗಾಳಿಗೆ ಸುಲಭವಾಗಿ ಅಲುಗುವುದಿಲ್ಲ. ಹೊಸ ಮನೆಗಳು ಮಾತ್ರ ಪೇಟೆಯ ಮಾದರಿಯಲ್ಲಿ ಚಪ್ಪಟೆ ಮಾಳಿಗೆಯವು. ಅನೇಕ ಮಾಳಿಗೆಗಳ ಮೇಲೆ ಮತ್ತೊಂದು ತಗಡಿನ ಮಾಡನ್ನು ಎತ್ತಿರುವುದನ್ನು ಕಂಡು ನಮಗೆ ನಗು ಬಂದಿತು. ಮರುಕ್ಷಣವೇ ನಮ್ಮ ಸಿಮೆಂಟು ನೆನಪಾಗಿ ನಗುವನ್ನು ನುಂಗಿಕೊಂಡೆವು.

ಅತ್ತೆಯವರು ಬಾಗಿಲಲ್ಲಿಯೇ ನಿಂತಿದ್ದರು. “ಬಾರಪ್ಪಾ, ಕೈಕಾಲು ತೊಳೆದುಕೋ” ಎಂದರೇ ಹೊರತು ಗೋಡೆಯ ಮಾತನ್ನೇ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿದ್ದಿತು.

ಬಿದ್ದ ಭಾಗವನ್ನು ಚಳಿಗಾಲದಲ್ಲಿಯೇ ಕಟ್ಟಿಸಿದ್ದರು. ಬೇಸಗೆಯ ಬಿಸಿಲಿಗೆ ಅದು ಒಣಗಿದ್ದಿತು. ಉಳಿದಿದ್ದ ಬಡಗಣ ಮೂಲೆಯ ಗಾರೆಯನ್ನು ಮೇಸ್ತ್ರಿಯು ಉಳಿಯಿಂದ ಕೆತ್ತುತ್ತಿದ್ದನು. ನಾವು ಬಳಿಗೆ ಹೋಗಿ ನೋಡಿದೆವು. ಹೊರಗಿನ ಗಾರೆ ಕಲ್ಲಿನಂತೆ ಗಟ್ಟಿಯಾಗಿದ್ದಿತು. ಅದರ ಹಿಂದಿನ ಮಣ್ಣು, ಅಷ್ಟು ಬಿಸಿಲು ಕಂಡ ಮೇಲೆಯೂ, ಬೆರಳಿಟ್ಟರೆ ಒಳಗಿಳಿಯುವಂತಿದ್ದಿತು. “ಸಿಮೆಂಟಿನದು ತಪ್ಪಲ್ಲ, ಅಯ್ಯಾ” ಎಂದನು ಮೇಸ್ತ್ರಿ. “ಮಣ್ಣಿನ ಗೋಡೆ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ನೀವು ಅದರ ಬಾಯಿ ಕಟ್ಟಿದಿರಿ.” ಗಾರೆಯಲ್ಲಿ ಕೂದಲೆಳೆಯಂತಹ ಬಿರುಕುಗಳುಂಟಾಗಿ ಮಳೆನೀರು ಒಳಗೆ ಹೊಕ್ಕಿದ್ದಿತು, ನೆಲದ ತೇವವೂ ಕೆಳಗಿನಿಂದ ಏರಿದ್ದಿತು. ಎರಡಕ್ಕೂ ಹೊರಬರುವ ದಾರಿ ಇರಲಿಲ್ಲ. ಗೋಡೆಯು ಉಬ್ಬಿದುದು ಮನೆಯವರಿಗೆ ಕಾಣಿಸಿದ್ದಿತಂತೆ. ಸಿಮೆಂಟಿದೆಯೆಂಬ ಧೈರ್ಯದಿಂದ ಸುಮ್ಮನಿದ್ದರಂತೆ. ಆ ಧೈರ್ಯವನ್ನು ಕೊಟ್ಟವರಾರೆಂದು ಹೇಳಬೇಕಾಗಿಲ್ಲ.

ಹೊಸ ಗೋಡೆಯ ಕೆಳಗಿನ ಮೂರಡಿಯನ್ನು ಜಂಬಿಟ್ಟಿಗೆಯಿಂದ ಕಟ್ಟಿ, ಅದರ ಮೇಲೆ ಮಣ್ಣು ಹಾಕಿ, ಹೊರಮೈಗೆ ಹೊಟ್ಟು ಬೆರೆಸಿದ ಮಣ್ಣಿನ ಗಿಲಾವು ಮಾಡಿ ಸುಣ್ಣ ಹೊಡೆದಿದ್ದರು. ಕಲ್ಲೇಕೆಂದು ಕೇಳಿದಾಗ ಅತ್ತೆಯವರು ಅಂಗಳವನ್ನು ತೋರಿಸಿದರು. ಸೂರಿನಿಂದ ಬಿದ್ದ ನೀರು ನೆಲದಿಂದ ಸಿಡಿದು ಗೋಡೆಯ ಬುಡವನ್ನೇ ಕೊರೆಯುತ್ತದೆಂದೂ, ಮೇಲಿನಿಂದ ಬರುವ ಮಳೆಗಿಂತ ಅದರ ಕಾಟವೇ ಹೆಚ್ಚೆಂದೂ ಅವರ ಅನುಭವ. ಆದುದರಿಂದ ಈ ಸಲ ಪಕಾಸುಗಳಿಗೆ ತುಂಡು ಜೋಡಿಸಿ ಇಳಿಮಾಡನ್ನು ಇನ್ನೂ ಎರಡಡಿ ಮುಂದಕ್ಕೆ ಚಾಚಿಸಿದ್ದರು. ನೀರು ಬೀಳುವ ಸಾಲಿನಲ್ಲಿ ಜಲ್ಲಿ ಹಾಸಿ, ಅಲ್ಲಿಂದ ತೋಟದ ಕಡೆಗೆ ಚರಂಡಿ ತೋಡಿಸಿದ್ದರು.

ಮರುದಿನ ಹೆಂಚಿನ ಕೆಲಸ. ಮಧ್ಯಾಹ್ನದ ಬಿಸಿಲಿನಲ್ಲಿ ಅಟ್ಟದ ಮೇಲೆ ಕತ್ತಲಲ್ಲಿ ನಿಂತು ತಲೆಯೆತ್ತಿ ನೋಡಿದರೆ, ಹೆಂಚು ಜರುಗಿದ ಅಥವಾ ಒಡೆದ ಕಡೆಗಳೆಲ್ಲ ನಕ್ಷತ್ರಗಳಂತೆ ಹೊಳೆಯುತ್ತವೆ. ಹೆಂಚಿನ ಮಾಡುಳ್ಳ ನಮ್ಮ ವಾಚಕರು ಮಳೆಗೆ ಮುನ್ನ ಈ ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಇದಕ್ಕೆ ಕಾಸೂ ಬೇಡ, ಏಣಿಯೂ ಬೇಡ. ನಾವು ಒಳಗಿನಿಂದ ಕೋಲು ತಟ್ಟಿ ತೋರಿಸಿದೆವು, ಆಳು ಮೇಲೆ ಹೊಸ ಹೆಂಚು ಸೇರಿಸಿದನು. ಹೆಂಚುಗಳ ಸಂದಿನಲ್ಲಿ ಸೇರಿದ್ದ ತರಗೆಲೆಯನ್ನೂ ಪಾಚಿಯನ್ನೂ ಕೆರೆದು ತೆಗೆಯಲಾಯಿತು. ಇವು ನೀರನ್ನು ತಡೆದು ಹಿಂದಕ್ಕೆ ತಿರುಗಿಸಿದರೆ ರೀಪುಗಳು ಕೊಳೆಯುತ್ತವೆ.

ಕೊನೆಗೆ ಉಳಿದುದು ಸೋಗೆಯ ತಟ್ಟಿ. ಆಳುಗಳು ದೊರೆಯುವುದು ಕಷ್ಟವಾಗಿರುವುದರಿಂದ ಈಚೆಗೆ ಅನೇಕರು ಪ್ಲಾಸ್ಟಿಕ್ ಹಾಳೆಯನ್ನು ಇಳಿಬಿಡುತ್ತಾರೆ. ಅದು ಗೋಡೆಗೆ ಅಂಟಿಕೊಂಡರೆ ನಮ್ಮ ಸಿಮೆಂಟಿನ ಕಥೆಯೇ ಸರಿ. ಗೋಡೆಯಿಂದ ದೂರದಲ್ಲಿ ಗಾಳಿಯಾಡುವಂತೆ ನಿಲ್ಲಿಸಿದ ತಗಡನ್ನು ನಾವು ಆಕ್ಷೇಪಿಸಲಾರೆವು, ಅದರ ಸದ್ದನ್ನು ಸಹಿಸುವವರಿಗೆ. ಅತ್ತೆಯವರಿಗಂತೂ ಸೋಗೆಯೇ ಬೇಕು: ಮಳೆಯನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ, ಮಳೆಗಾಲ ಮುಗಿದ ಮೇಲೆ ತೋಟಕ್ಕೆ ಗೊಬ್ಬರವಾಗುತ್ತದೆ. ಅಡಿಕೆಯ ದಬ್ಬೆಗಳನ್ನು ಅಡ್ಡ ಕಟ್ಟಿ, ಸೋಗೆಯನ್ನು ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಬರುವಂತೆ ಹೆಣೆಯುತ್ತ ಬಂದರು. ಅತ್ತೆಯವರು ಹಗ್ಗದ ಸುರುಳಿಯನ್ನು ತಂದು ನಮ್ಮ ಕೈಗೇ ಕೊಟ್ಟು, “ನೀನೂ ನಾಲ್ಕು ಗಂಟು ಹಾಕು” ಎಂದರು. ಗೋಡೆಯ ವಿಷಯದಲ್ಲಿ ಅವರು ನಮಗೆ ಆಡಿದುದು ಅದೊಂದೇ ಮಾತು. ಸಂಜೆಯವರೆಗೆ ಹಾಕಿದೆವು, ಅಂಗೈ ಬೊಬ್ಬೆಯೆದ್ದಿತು. ನಾವು ಹಾಕಿದ ಗಂಟುಗಳಲ್ಲಿ ಅರ್ಧವನ್ನು ಆಳು ಬಿಚ್ಚಿ ಮತ್ತೆ ಕಟ್ಟಿದನೆಂಬುದನ್ನೂ ಮುಚ್ಚಿಡಲಾರೆವು.

ಊರಿಗೆ ಮರಳಿದ ಮೇಲೆ ಆಷಾಢದ ನಡುವೆ ದೂರವಾಣಿಯಲ್ಲಿ ಮಾತನಾಡಿದೆವು. ಆಚೆಯಿಂದ ಮಳೆಯ ಸದ್ದೇ ಮುಂಚೆ ಕೇಳಿಸಿತು. ಗೋಡೆ ಹೇಗಿದೆಯೆಂದು ಕೇಳಲು ಅಂಜಿ ಬೇರೆ ಏನೇನೋ ವಿಚಾರಿಸುತ್ತಿದ್ದೆವು. ಅತ್ತೆಯವರೇ ನಕ್ಕು, “ಬೆಕ್ಕು ಮರಿ ಹಾಕಿದೆ ಕಣೋ, ಪಡುವಣ ಕೋಣೆಯಲ್ಲಿ, ಗೋಡೆಯ ಬುಡದಲ್ಲಿಯೇ” ಎಂದರು.