ಹೆಸರಿಲ್ಲದ ಲೆಕ್ಕಗಳು

ಬಾಗಲಕೋಟೆಗೆ ಸಮೀಪದ ನಮ್ಮ ಶಿರೂರಿನಲ್ಲಿ, ದೀಪ ಹಚ್ಚಿದ ನಂತರದ ಒಂದು ತಾಸು, ನಮ್ಮ ಮನೆಯೊಳಗೆ ಯಾರೂ ಗಟ್ಟಿಯಾಗಿ ಮಾತನಾಡುವದಿಲ್ಲ. ಪಡಸಾಲೆಯಲ್ಲಿ ನನ್ನ ಮೊಮ್ಮಗಳು ಪ್ರಶ್ನಪತ್ರಿಕೆಯನ್ನು ಮುಂದಿಟ್ಟುಕೊಂಡು ಕುಳಿತಿರುತ್ತಾಳೆ. ಎದುರಿಗೆ ನಾನು ಕೈಗಡಿಯಾರವನ್ನು ಹಿಡಿದು ಕುಳಿತಿರುತ್ತೇನೆ. ಅವಳು ಬ್ಯಾಂಕಿನ ಕಾರಕೂನಿಕೆಯ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದಾಳೆ. ಮೂವತ್ತಮೂರು ವರ್ಷ ಹಳ್ಳಿಯ ಶಾಲೆಗಳಲ್ಲಿ ಗಣಿತವನ್ನು ಕಲಿಸಿ ಮನೆ ಸೇರಿದ ನನಗೆ ಎರಡು ವರ್ಷಗಳಿಂದ ದೊರೆತ ಉದ್ಯೋಗವೆಂದರೆ ಈ ಗಡಿಯಾರ ಹಿಡಿಯುವದು. ಈ ಅವಧಿಯಲ್ಲಿ ಅವಳು ಕಲಿತದ್ದೆಷ್ಟೋ, ನಾನು ಕಲಿತದ್ದೂ ಅಷ್ಟೇ ಇರುವದರಿಂದ, ಅದನ್ನು ವಾಚಕರ ಮುಂದಿಡುವ ಧೈರ್ಯ ಮಾಡಿದ್ದೇನೆ.

ನಮ್ಮ ಮನೆತನಕ್ಕೆ ಪರೀಕ್ಷೆಯೆಂಬುದು ಹೊಸದಲ್ಲ. ಈ ಭಾಗವು ಮುಂಬಯಿ ಇಲಾಖೆಯಲ್ಲಿದ್ದಾಗ ನನ್ನ ತಂದೆಯವರು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮಾಸ್ತರಿಕೆಯನ್ನು ಪಡೆದರು. ಕನ್ನಡ ಏಳನೆಯ ಇಯತ್ತೆಯ ಆ ಪರೀಕ್ಷೆಗೆ ಕನ್ನಡವೊಂದೇ ಸಾಕಾಗಿತ್ತು. ಆ ಒಂದು ಭಾಷೆಯಿಂದಲೇ ಅವರು ಆರು ಜನರ ಸಂಸಾರವನ್ನು ಸಾಗಿಸಿದರು. ಪರೀಕ್ಷೆಯಿಂದ ನೌಕರರನ್ನು ಆರಿಸುವ ಪದ್ಧತಿಯು ನಮ್ಮ ದೇಶದ ದೊಡ್ಡ ಹುದ್ದೆಗಳಿಗೆ ಬಂದದ್ದು 1855ರಲ್ಲಿ. ಆದರೆ ಸಿವಿಲ್ ಸರ್ವೀಸಿನ ಆ ಪರೀಕ್ಷೆಗೆ ಲಂಡನ್ನಿಗೇ ಹೋಗಬೇಕಾಗಿತ್ತು. ಅದು ಹಿಂದುಸ್ಥಾನದ ನೆಲದ ಮೇಲೆ ನಡೆಯುವದಕ್ಕೆ 1922ರ ವರೆಗೆ ಕಾಯಬೇಕಾಯಿತು. ಇಂದು ಪರೀಕ್ಷೆಯು ಹುಬ್ಬಳ್ಳಿಯ ವರೆಗೆ ಬಂದಿದೆ. ಹಾದಿ ಹತ್ತಿರವಾಯಿತು, ಬಾಗಿಲು ಮಾತ್ರ ಹಿರಿದಾಗಿಲ್ಲ.

ಆ ಬಾಗಿಲಿನ ಅಳತೆ ಹೀಗಿದೆ. ಮೊದಲನೆಯ ಹಂತದಲ್ಲಿ 100 ಪ್ರಶ್ನೆಗಳು, 60 ನಿಮಿಷಗಳು. ಇಂಗ್ಲೀಷು 30, ಅಂಕಗಣಿತ 35, ತರ್ಕ 35. ಒಂದೊಂದು ಭಾಗಕ್ಕೆ 20 ನಿಮಿಷ. ಅಂದಮೇಲೆ ಒಂದು ಲೆಕ್ಕಕ್ಕೆ 35 ಸೆಕೆಂಡು ಸಹ ಪೂರ್ತಿಯಾಗಿ ಬರುವದಿಲ್ಲ. ಪ್ರತಿಯೊಂದು ಪ್ರಶ್ನೆಗೆ ಐದು ಉತ್ತರಗಳನ್ನು ಕೊಟ್ಟಿರುತ್ತಾರೆ. ಸರಿಯಾದುದನ್ನು ಗುರುತಿಸಿದರೆ ಒಂದು ಅಂಕ. ತಪ್ಪಿದರೆ ಕಾಲು ಅಂಕದ ದಂಡ.

ಮೊದಲು ನನಗೆ ಇದರಲ್ಲಿ ಭಯವೇನೂ ಕಾಣಿಸಲಿಲ್ಲ. ಇದರಲ್ಲಿಯ ಅಂಕಗಣಿತವೆಲ್ಲ ನಾನು ಕಲಿಸಿದ್ದೇ: ಶೇಕಡಾ, ಬಡ್ಡಿ, ಲಾಭ-ಹಾನಿ, ಕಾಲ-ಕೆಲಸ, ವೇಗ-ದೂರ. ಪುಸ್ತಕವನ್ನು ತರಿಸಿ ಪಾಠದಿಂದ ಪಾಠಕ್ಕೆ ಅವಳಿಂದ ಲೆಕ್ಕಗಳನ್ನು ಮಾಡಿಸಿದೆನು. ಬಡ್ಡಿಯ ಪಾಠದಲ್ಲಿ ಐವತ್ತಕ್ಕೆ ನಾಲ್ವತ್ತೆಂಟು ಸರಿ. ಕಾಲ-ಕೆಲಸದಲ್ಲಿ ಒಂದೂ ತಪ್ಪಿಲ್ಲ. ಆರು ತಿಂಗಳಲ್ಲಿ ಪುಸ್ತಕ ಮುಗಿಯಿತು. ಆಮೇಲೆ ಎಲ್ಲ ಬಗೆಯ ಪ್ರಶ್ನೆಗಳನ್ನು ಕಲೆಸಿ ಕೊಟ್ಟ ಮೊದಲನೆಯ ಮಿಶ್ರ ಪತ್ರಿಕೆಯನ್ನು ಬಿಡಿಸಲು ಕುಳ್ಳಿರಿಸಿದೆನು. ಗಣಿತದ 35 ಪ್ರಶ್ನೆಗಳಲ್ಲಿ ಅವಳು ಮುಟ್ಟಿದ್ದು 14. ಅವುಗಳಲ್ಲಿ ಸರಿ 8, ತಪ್ಪು 6. ದಂಡವನ್ನು ಕಳೆದು ಉಳಿದದ್ದು ಆರೂವರೆ ಅಂಕ.

ನನಗೆ ಸಿಟ್ಟು ಬಂದಿತು. “ಇವೆಲ್ಲಾ ನಿನಗ ಬರ್ತಾವಲ್ಲ ಯವ್ವಾ?” ಎಂದೆನು.

“ಬರ್ತಾವ ಅಜ್ಜಾ. ಆದ್ರ ಯಾವ ಲೆಕ್ಕ ಯಾವ ಪಾಠದ್ದು ಅಂತ ಮ್ಯಾಲೆ ಬರದಿಲ್ಲಲ್ಲ” ಎಂದಳು.

ಅವಳು ಅದನ್ನು ನೆವವಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಆ ರಾತ್ರಿ ನನಗೆ ಬೇಗ ನಿದ್ರೆ ಹತ್ತಲಿಲ್ಲ. ಮೂವತ್ತಮೂರು ವರ್ಷ ನಾನು ಕರಿಹಲಗೆಯ ಮೇಲೆ ಮೊದಲು ಬರೆಯುತ್ತಿದ್ದುದು ಪಾಠದ ಹೆಸರನ್ನು. ‘ಸರಳ ಬಡ್ಡಿ’ ಎಂದು ಬರೆದೊಡನೆ ಅರ್ಧ ಲೆಕ್ಕವನ್ನು ನಾನೇ ಬಿಡಿಸಿ ಕೊಟ್ಟಂತಾಗುತ್ತಿತ್ತು. ಹುಡುಗರು ಉಳಿದರ್ಧವನ್ನು ಮಾಡುತ್ತಿದ್ದರು. ನಾನು ಪೂರ್ತಿ ಅಂಕಗಳನ್ನು ಕೊಟ್ಟು, ಇವರಿಗೆ ಗಣಿತ ಬಂದಿತೆಂದು ತಿಳಿದುಕೊಂಡೆನು. ಎದುರಿಗೆ ಬಂದದ್ದು ಯಾವ ಜಾತಿಯ ಲೆಕ್ಕವೆಂದು ಗುರುತಿಸುವದೇ ಗಣಿತದ ಮೊದಲನೆಯ ಹೆಜ್ಜೆ. ಆ ಹೆಜ್ಜೆಯನ್ನು ನಾನು ಯಾವ ಹುಡುಗನಿಗೂ ಇಡಗೊಡಲಿಲ್ಲ.

ನಮ್ಮ ಹಿರಿಯರಿಗೆ ಮಿಶ್ರವೆಂಬುದು ಅಪರಿಚಿತವಾಗಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಮಿಶ್ರಕ ವ್ಯವಹಾರವೆಂಬ ಅಧ್ಯಾಯವೇ ಇದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದನು. ಮಹಾವೀರಾಚಾರ್ಯನ ಮಿಶ್ರಕದಲ್ಲಿ ಅಸಲೂ ಬಡ್ಡಿಯೂ ಕೂಡಿದ ಮೊತ್ತವನ್ನು ಬೇರ್ಪಡಿಸಬೇಕು; ಬೇರೆ ಬೇರೆ ಬಣ್ಣದ ಚಿನ್ನಗಳನ್ನು ಕರಗಿಸಿ ಕೂಡಿಸಿದಾಗ ಬರುವ ಬಣ್ಣವನ್ನು ಹೇಳಬೇಕು. ಅಲ್ಲಿ ಬೆರಕೆಯು ಲೆಕ್ಕದ ಒಳಗೆ. ಇಂದಿನ ಪರೀಕ್ಷೆಯಲ್ಲಿ ಲೆಕ್ಕಗಳೇ ಒಂದರೊಡನೊಂದು ಬೆರೆತಿರುತ್ತವೆ. ಎರಡೂ ಕಡೆಗೆ ಬೇಕಾದ ಬುದ್ಧಿ ಒಂದೇ: ಕೂಡಿದ್ದನ್ನು ಬೇರೆಯಾಗಿ ಕಾಣುವದು.

ಮರುದಿನ ನಾನು ಪುಸ್ತಕದ ಲೆಕ್ಕಗಳನ್ನು ಪಾಠದ ಹೆಸರಿಲ್ಲದೆ ಚೀಟಿಗಳ ಮೇಲೆ ಬರೆದು ಒಂದು ಹಳೆಯ ಡಬ್ಬಿಯಲ್ಲಿ ತುಂಬಿದೆನು. ಅವಳು ಒಂದೊಂದನ್ನೇ ತೆಗೆದು ಇದು ಎಂಥ ಲೆಕ್ಕವೆಂದಷ್ಟೇ ಹೇಳಬೇಕು, ಬಿಡಿಸಬಾರದು ಎಂದು ಕಟ್ಟಳೆ ಮಾಡಿದೆನು. ಮೊದಲ ವಾರ ಇಪ್ಪತ್ತರಲ್ಲಿ ಎಂಟು-ಹತ್ತು ತಪ್ಪುತ್ತಿದ್ದವು. ಒಂದು ದಿನ ಎರಡು ಚೀಟಿಗಳು ಒಂದರ ಹಿಂದೊಂದು ಬಂದವು. ಒಬ್ಬನು ಒಂದು ಕೆಲಸವನ್ನು 6 ದಿನಗಳಲ್ಲಿ, ಇನ್ನೊಬ್ಬನು 12 ದಿನಗಳಲ್ಲಿ ಮಾಡುವನು, ಇಬ್ಬರೂ ಕೂಡಿದರೆ ಎಷ್ಟು ದಿನ? ಒಂದು ನಳವು ತೊಟ್ಟಿಯನ್ನು 6 ತಾಸಿನಲ್ಲಿ, ಇನ್ನೊಂದು 12 ತಾಸಿನಲ್ಲಿ ತುಂಬಿಸುವದು, ಎರಡನ್ನೂ ಬಿಟ್ಟರೆ ಎಷ್ಟು ತಾಸು? ಅವಳು ಎರಡನ್ನೂ ಎರಡು ಕೈಯಲ್ಲಿ ಹಿಡಿದು ನೋಡಿ, “ಅಜ್ಜಾ, ಇವೆರಡೂ ಒಂದೇ ಅದಾವಲ್ಲ!” ಎಂದಳು. ಎರಡಕ್ಕೂ ಉತ್ತರ ನಾಲ್ಕೇ. 1150ರ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ನಾಲ್ಕು ನೀರಿನ ಬುಗ್ಗೆಗಳು ಒಂದು ಕೊಳವನ್ನು ಒಂದು ದಿನ, ಅರ್ಧ ದಿನ, ಮೂರರಲ್ಲೊಂದು ದಿನ, ಆರರಲ್ಲೊಂದು ದಿನದಲ್ಲಿ ತುಂಬಿಸುತ್ತವೆ. ನಾಲ್ಕೂ ಕೂಡಿದರೆ ದಿನದ ಹನ್ನೆರಡರಲ್ಲೊಂದು ಪಾಲು ಸಾಕು. ಅವಳು ಅದನ್ನೂ ಅಂದೇ ಬಿಡಿಸಿದಳು.

ನನ್ನ ಎರಡನೆಯ ತಪ್ಪು ಇದಕ್ಕಿಂತ ಹಳೆಯದು. “ಒಂದು ಪ್ರಶ್ನೆಯನ್ನೂ ಬಿಡಬೇಡ” ಎಂದು ನಾನು ಎಲ್ಲ ಹುಡುಗರಿಗೂ ಹೇಳುತ್ತಿದ್ದೆನು, ಅವಳಿಗೂ ಹೇಳಿದ್ದೆನು. ಅದರಿಂದ ಅವಳು ಮೊಂಡು ಬಿದ್ದ ಒಂದು ಲೆಕ್ಕದ ಮೇಲೆ ಮೂರು ನಿಮಿಷಗಳನ್ನು ಕಳೆದು, ಕೊನೆಗೆ ತೋಚಿದ ಉತ್ತರವನ್ನು ಗುರುತಿಸುತ್ತಿದ್ದಳು. ಒಂದು ಸಂಜೆ ಅದರ ಲೆಕ್ಕವನ್ನು ನಾನೇ ಹಾಕಿ ನೋಡಿದೆನು. ಐದು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಉತ್ತರ ಕೊಟ್ಟರೆ ಸರಾಸರಿಯಲ್ಲಿ ಒಂದು ಸರಿಯಾದೀತು, ನಾಲ್ಕು ತಪ್ಪಾದಾವು. ಬಂದದ್ದು ಒಂದು ಅಂಕ, ಹೋದದ್ದು ನಾಲ್ಕು ಕಾಲು, ಉಳಿದದ್ದು ಸೊನ್ನೆ. ಹೊತ್ತು ಹೋದದ್ದು ಬೇರೆ. ಐದು ಉತ್ತರಗಳಲ್ಲಿ ಎರಡು ಖಂಡಿತವಾಗಿ ಅಲ್ಲವೆಂದು ತಿಳಿದರೆ ಮಾತು ಬದಲಾಗುತ್ತದೆ. ಅಂಥ ಮೂರು ಪ್ರಶ್ನೆಗಳಲ್ಲಿ ಒಂದು ಸರಿಯಾಗಿ ಎರಡು ತಪ್ಪಿದರೂ ಅರ್ಧ ಅಂಕ ಕೈಯಲ್ಲಿ ಉಳಿಯುತ್ತದೆ. ಏನೂ ತಿಳಿಯದಾಗ ಸುಮ್ಮನಿರುವದೂ, ಅರ್ಧ ತಿಳಿದಾಗ ಧೈರ್ಯ ಮಾಡುವದೂ ಈ ಪರೀಕ್ಷೆಯ ನ್ಯಾಯ. ಬಿಡುವದನ್ನು ಕಲಿಸುವದು ಮಾಸ್ತರನ ಕೆಲಸವೆಂದು ನನಗೆ ಯಾರೂ ಹೇಳಿರಲಿಲ್ಲ.

ಇನ್ನು ಇಂಗ್ಲೀಷಿನ ಮಾತು. ಹಳ್ಳಿಯ ತಂದೆತಾಯಿಗಳು ನನ್ನನ್ನು ಕೇಳಿದಾಗಲೆಲ್ಲ, “ಇಂಗ್ಲೀಷು ಮುಂದ ತಾನಾಗೇ ಬರ್ತದ” ಎಂದು ಸಮಾಧಾನ ಹೇಳಿದವನು ನಾನು. ಅದು ತಾನಾಗಿಯೇ ಬರಲಿಲ್ಲ. ಅಭ್ಯಾಸಕ್ಕೆ ನಮಗೆ ದೊರೆತ ಪುಸ್ತಕಗಳು ಇಂಗ್ಲೀಷಿನವು. ಅವಳು ತಪ್ಪಿದ ಲೆಕ್ಕವನ್ನು ನಾನು ಕನ್ನಡದಲ್ಲಿ ಓದಿ ಹೇಳಿದರೆ, ಓದಿ ಮುಗಿಸುವದರೊಳಗೆ ಉತ್ತರ ಬರುತ್ತಿತ್ತು. ಎಡವಿದ್ದು ದೊಡ್ಡ ಶಬ್ದಗಳಲ್ಲಲ್ಲ, ಸಣ್ಣವುಗಳಲ್ಲಿ. 80 ರೂಪಾಯಿಯ ಬೆಲೆ ‘ಬೈ’ 120 ಏರಿದರೆ 200 ಆಗುತ್ತದೆ. ‘ಟು’ 120 ಏರಿದರೆ 120ರಲ್ಲಿಯೇ ನಿಲ್ಲುತ್ತದೆ. ಕನ್ನಡದಲ್ಲಿ ‘120 ರೂಪಾಯಿ ಏರಿತು’, ‘120 ರೂಪಾಯಿಗೆ ಏರಿತು’ ಎನ್ನುತ್ತೇವೆ. ನಮ್ಮ ಪ್ರತ್ಯಯವು ಶಬ್ದದ ಮೈಗೇ ಅಂಟಿರುವದರಿಂದ ಅದನ್ನು ಬಿಟ್ಟು ಓದುವದು ಸಾಧ್ಯವಿಲ್ಲ. ಅವರ ಪ್ರತ್ಯಯವು ಶಬ್ದದ ಮುಂದೆ ಒಂಟಿಯಾಗಿ ನಿಂತಿರುತ್ತದೆ. ಅವಸರದ ಕಣ್ಣು ಅದನ್ನು ದಾಟಿ ಹೋಗುತ್ತದೆ. ಅಂದಿನಿಂದ ಅವಳು ಇಂಥ ಸಣ್ಣ ಶಬ್ದಗಳಿಗೆ ಮೊದಲು ಗೆರೆ ಎಳೆದು ಆಮೇಲೆ ಲೆಕ್ಕಕ್ಕೆ ಕೈ ಹಚ್ಚುತ್ತಾಳೆ.

2019ರಲ್ಲಿ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ನಿರ್ಧಾರವಾಯಿತು. 2021ರಲ್ಲಿ ಇತರ ಸರಕಾರಿ ಬ್ಯಾಂಕುಗಳ ಕಾರಕೂನರ ನೇಮಕಕ್ಕೂ ಅದೇ ಮಾತು ಬಂದಿತು. ಅದರಿಂದ ನನಗಾದ ಸಂತೋಷ ಸಣ್ಣದಲ್ಲ. ನನ್ನ ತಂದೆಯವರ ಕನ್ನಡಕ್ಕೆ ಪರೀಕ್ಷೆಯ ಕೋಣೆಯಲ್ಲಿ ಮತ್ತೆ ಸ್ಥಳ ದೊರೆಯಿತು. ಆದರೂ ಇಂಗ್ಲೀಷಿನ 30 ಪ್ರಶ್ನೆಗಳು ಇಂಗ್ಲೀಷಿನಲ್ಲಿಯೇ ಇರುತ್ತವೆ. ಆದುದರಿಂದ ದಿನಕ್ಕೊಂದು ಇಂಗ್ಲೀಷ ಪರಿಚ್ಛೇದವನ್ನು ಅವಳು ಗಟ್ಟಿಯಾಗಿ ಓದಿ, ಅದರ ಸಾರವನ್ನು ಅಡಿಗೆಮನೆಯಲ್ಲಿಯ ತನ್ನ ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ಅಜ್ಜಿಗೆ ತಿಳಿದರೆ ಅವಳಿಗೆ ತಿಳಿದಂತೆ. ಈ ಪರೀಕ್ಷಕಳು ಕಾಲು ಅಂಕವನ್ನು ಕಳೆಯುವದಿಲ್ಲ. ಆದರೆ ತಿಳಿಯದಿದ್ದರೆ ಬಿಡುವದೂ ಇಲ್ಲ.

ಹುಡುಗಿಯ ವಯಸ್ಸು ಇಪ್ಪತ್ತಾರು. ಈ ಕೆಲಸಕ್ಕೆ ಸಾಮಾನ್ಯವಾಗಿ ಇಪ್ಪತ್ತೆಂಟರ ಮಿತಿಯಿದೆ. ಕೆಲವು ವರ್ಗಗಳಿಗೆ ಮಾತ್ರ ಕೆಲವು ವರ್ಷಗಳ ರಿಯಾಯಿತಿ. ಎರಡು ಸಲ ಕುಳಿತು ಎರಡು ಸಲವೂ ಸ್ವಲ್ಪದರಲ್ಲಿ ತಪ್ಪಿಸಿಕೊಂಡಳು. ನನ್ನ ಅಳಿಯನು ಒಳ್ಳೆಯವನು. ಆದರೂ ಈ ವರ್ಷ ಬೀಗರ ಮಾತು ಬಂದಾಗ, “ಇದೊಂದು ಸಲ ನೋಡೂಣ್ರಿ ಮಾಮಾರ, ಆಮ್ಯಾಲೆ ನೀವೂ ಏನೂ ಅನ್ನಬ್ಯಾಡ್ರಿ” ಎಂದನು. ನಾನು ಏನೂ ಅನ್ನಲಿಲ್ಲ. ಅವಳ ಹಿಂದಿನ ಎರಡು ಸೋಲುಗಳಲ್ಲಿ ನನ್ನ ಪಾಲೆಷ್ಟೆಂಬುದು ನನಗೆ ಗೊತ್ತಿತ್ತು.

ಮೊನ್ನೆ ಹುಬ್ಬಳ್ಳಿಯಲ್ಲಿ ಪರೀಕ್ಷೆಯನ್ನು ಮುಗಿಸಿಕೊಂಡು ರಾತ್ರಿಯ ಬಸ್ಸಿಗೆ ಬಂದಳು. ಕೈಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಕುಳಿತು, “ಅಜ್ಜಾ, ಗಣಿತದಾಗ ಒಂಬತ್ತು ಬಿಟ್ಟು ಬಂದೇನಿ” ಎಂದಳು. ಯಾವುವೆಂದು ಕೇಳಿದೆನು. ಅವಳು ಬೆರಳು ಮಡಿಚುತ್ತ ಹೇಳಿದಳು: ಚಕ್ರಬಡ್ಡಿಯದು ಒಂದು, ದೋಣಿಯ ವೇಗದ್ದು ಒಂದು, ಕೋಷ್ಟಕದವು ಐದು, ಪಾಲುದಾರಿಕೆಯವು ಎರಡು. ಒಂಬತ್ತೂ ಬೆರಳುಗಳು ಮಡಿಚಿದವು. ಒಂದಕ್ಕೂ ಹೆಸರು ತಪ್ಪಲಿಲ್ಲ.

ಫಲ ಇನ್ನೂ ಬಂದಿಲ್ಲ. ಬಂದಾಗ ಅದು ಹೇಗಿರುವದೋ ಹಾಗೆ ಇರಲಿ. ಡಬ್ಬಿಯನ್ನು ಮಾತ್ರ ನಾನು ಎತ್ತಿಟ್ಟಿಲ್ಲ. ಓಣಿಯ ಏಳನೆಯ ಇಯತ್ತೆಯ ಇಬ್ಬರು ಹುಡುಗರು ಸಂಜೆಗೆ ಬರುತ್ತಾರೆ. ಅವರಿಗಾಗಿ ಹೊಸ ಚೀಟಿಗಳನ್ನು ಬರೆಯುತ್ತಿದ್ದೇನೆ. ಈ ಸಲ ಮೇಲೆ ಪಾಠದ ಹೆಸರನ್ನು ಬರೆಯುವದಿಲ್ಲ.