ವಾಲ್ಟರ್ ಟಲ್‌ನನ್ನು ಹೊತ್ತವನು

ಕೊಳ್ಳಿ ಒಂದಿಷ್ಟು ಮುಂದಕ್ಕೆ ದೂಡಿ, ಹೇಳುತ್ತೇನೆ. ವಾಲ್ಟರ್ ಟಲ್‌ನ ಕಥೆ ಎಂದರೆ ನನಗೆ ಮೊದಲು ನೆನಪಾಗುವುದು ಒಬ್ಬ ಗೋಲ್‌ಕೀಪರ್. ಅವನ ವಿಷಯ ಕೊನೆಗೆ ಬರುತ್ತದೆ.

ವಾಲ್ಟರ್ ಹುಟ್ಟಿದ್ದು 1888ರಲ್ಲಿ, ಇಂಗ್ಲೆಂಡಿನ ಫೋಕ್‌ಸ್ಟನ್ ಎಂಬ ಕಡಲೂರಿನಲ್ಲಿ. ತಂದೆ ಬಾರ್ಬಡೋಸ್ ದ್ವೀಪದಿಂದ ಬಂದ ಬಡಗಿ. ಗುಲಾಮಗಿರಿ ಕಂಡಿದ್ದ ಮನೆತನ ಅದು. ತಾಯಿ ಕೆಂಟ್ ಸೀಮೆಯ ಬಿಳಿಯ ಹೆಂಗಸು. 1895ರಲ್ಲಿ ತಾಯಿ ತೀರಿಕೊಂಡಳು, 1897ರಲ್ಲಿ ತಂದೆಯೂ ಹೋದ. ಮನೆಯಲ್ಲಿ ಮಕ್ಕಳು ಹೆಚ್ಚು, ಅನ್ನ ಕಡಿಮೆ. ವಾಲ್ಟರನನ್ನೂ ಅವನಣ್ಣ ಎಡ್ವರ್ಡ್‌ನನ್ನೂ ಲಂಡನ್ನಿನ ಒಂದು ಅನಾಥಾಲಯಕ್ಕೆ ಕಳಿಸಿದರು. ಅಣ್ಣನನ್ನು ಗ್ಲಾಸ್ಗೋದ ಒಂದು ಕುಟುಂಬ ದತ್ತು ತೆಗೆದುಕೊಂಡಿತು. ತಮ್ಮ ಅಲ್ಲೇ ಉಳಿದ. ಅಚ್ಚುಮೊಳೆ ಜೋಡಿಸುವ ಕೆಲಸ ಕಲಿತ, ಚೆಂಡು ಒದೆಯುವುದನ್ನೂ ಕಲಿತ.

1909ರಲ್ಲಿ ಟಾಟನ್‌ಹ್ಯಾಮ್ ಕ್ಲಬ್ ಅವನನ್ನು ಸಂಬಳಕ್ಕೆ ತೆಗೆದುಕೊಂಡಿತು. ಇಂಗ್ಲೆಂಡಿನ ಮೊದಲ ದರ್ಜೆಯ ಆಟದಲ್ಲಿ ಕಪ್ಪು ಮೈಯವರು ಆಗ ಬೆರಳೆಣಿಕೆಗೂ ಸಿಗುತ್ತಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಬ್ರಿಸ್ಟಲ್‌ನಲ್ಲಿ ಪಂದ್ಯ. ಅಂಚಿನಲ್ಲಿ ನಿಂತ ಜನರಲ್ಲಿ ಒಂದು ಗುಂಪು ಇಡೀ ಆಟದುದ್ದಕ್ಕೂ ಅವನ ಬಣ್ಣ ಹಿಡಿದು ಹೊಲಸು ಹೊಲಸಾಗಿ ಬೈಯಿತು. ಅವನು ತಿರುಗಿ ಬೈಯಲಿಲ್ಲ, ಆಡುತ್ತಲೇ ಇದ್ದ. ಅವತ್ತಿನ ಫಾರ್ವರ್ಡ್‌ಗಳಲ್ಲಿ ಇವನೇ ಮೇಲು ಎಂದು ಅಲ್ಲಿದ್ದ ಪತ್ರಕರ್ತ ಬರೆದ. ಆದರೂ ಸ್ವಲ್ಪ ದಿನಕ್ಕೇ ಕ್ಲಬ್ಬಿನವರು ಅವನನ್ನು ಮುಖ್ಯ ತಂಡದಿಂದ ಪಕ್ಕಕ್ಕಿಟ್ಟರು. ಬೈದವರಿಗಿಂತ ಈ ಮಾತೇ ನನ್ನನ್ನು ಹೆಚ್ಚು ನೋಯಿಸುತ್ತದೆ. 1911ರಲ್ಲಿ ನಾರ್ಥ್ಯಾಂಪ್ಟನ್ ಕ್ಲಬ್ಬಿಗೆ ಹೋದ ಮೇಲೆ ಅವನ ಉಸಿರು ಹಗುರಾಯಿತು. ಅಲ್ಲಿ ನೂರಕ್ಕೂ ಮಿಕ್ಕಿ ಪಂದ್ಯ ಆಡಿದ.

ಯುದ್ಧ ಬಂತು. 1914ರ ಡಿಸೆಂಬರಿನಲ್ಲಿ ಅವನು ಫುಟ್ಬಾಲ್ ಆಟಗಾರರಿಗೆಂದೇ ಕಟ್ಟಿದ ಪಡೆ ಸೇರಿದ. ಫ್ರಾನ್ಸಿನ ಕಂದಕಗಳಲ್ಲಿ ಶೆಲ್ಲುಗಳ ಸದ್ದಿಗೆ ಮನಸ್ಸು ಕೆಟ್ಟು ಒಮ್ಮೆ ಊರಿಗೆ ಮರಳಿದ. ಗುಣವಾದವನೇ ಮತ್ತೆ ಸೋಮ್ ರಣಕ್ಕೆ ಹೋದ. ಕಪ್ಪು ಜನ ಅಧಿಕಾರಿಗಳಾಗಿ ಆಜ್ಞೆ ಕೊಡಬಾರದೆಂದು ಸೈನ್ಯದ ಕಾನೂನು ಪುಸ್ತಕದಲ್ಲೇ ಅಚ್ಚಾಗಿತ್ತು. ಅದಿದ್ದೂ 1917ರ ಮೇ ತಿಂಗಳಲ್ಲಿ ಅವನು ಸೆಕೆಂಡ್ ಲೆಫ್ಟಿನೆಂಟ್ ಆದ. ಮೇಲಿನವರಿಗೆ ಅವನಂಥವನು ಬೇಕಾಗಿತ್ತು, ಅಷ್ಟೇ.

ಮುಂದೆ ಇಟಲಿ. 1918ರ ಹೊಸ ವರ್ಷದ ಹೊತ್ತಿಗೆ ಪಿಯಾವೆ ನದಿ. ಚಳಿಗಾಲದ ಕೊರೆಯುವ ನೀರು, ಸೆಳೆತ ಬೇರೆ, ಆಚೆ ದಡದಲ್ಲಿ ಶತ್ರು. 26 ಜನರನ್ನು ಕರೆದುಕೊಂಡು ರಾತ್ರಿಯಲ್ಲಿ ಆ ಹೊಳೆ ದಾಟಿದ, ದಾಳಿ ಮಾಡಿದ, ಅಷ್ಟೂ ಜನರನ್ನು ಜೀವಸಹಿತ ಈಚೆಗೆ ತಂದ. ಒಬ್ಬನನ್ನೂ ಬಿಟ್ಟು ಬರಲಿಲ್ಲ. ಅವನ ಧೈರ್ಯವನ್ನೂ ತಣ್ಣನೆಯ ತಲೆಯನ್ನೂ ಮೇಜರ್ ಜನರಲ್ ಲಾಫರ್ಡ್ ಬರಹದಲ್ಲಿ ಹೊಗಳಿದ.

ಮಾರ್ಚ್ ಹೊತ್ತಿಗೆ ಪಡೆ ಮತ್ತೆ ಫ್ರಾನ್ಸಿನಲ್ಲಿತ್ತು. 21ರಂದು ಜರ್ಮನ್ನರು ನುಗ್ಗಿದರು. 25ರಂದು ಫವ್ರೈ ಎಂಬ ಹಳ್ಳಿಯ ಹತ್ತಿರ ಬ್ರಿಟಿಷರು ಕಾದಾಡುತ್ತಲೇ ಹಿಂದೆ ಸರಿಯುತ್ತಿದ್ದರು. ಆಗ ವಾಲ್ಟರನಿಗೆ ಗುಂಡು ತಗುಲಿತು. ವಯಸ್ಸು 29.

ಅವನ ಕೈಕೆಳಗಿನ ಸಿಪಾಯಿ ಟಾಮ್ ಬಿಲ್ಲಿಂಗ್‌ಹ್ಯಾಮ್ ಅವನ ಕಡೆಗೆ ಓಡಿದ. ಈ ಟಾಮ್ ಒಂದು ಕಾಲದಲ್ಲಿ ಲೆಸ್ಟರ್ ಫಾಸ್ ಕ್ಲಬ್ಬಿನ ಗೋಲ್‌ಕೀಪರ್. ಎಲ್ಲರೂ ಹಿಂದಕ್ಕೆ ಓಡುವಾಗ ನಿಂತು, ಗುಂಡುಗಳ ನಡುವೆ ತನ್ನ ಅಧಿಕಾರಿಯ ದೇಹ ಎತ್ತಿಕೊಂಡು ತಮ್ಮ ಕಡೆಯ ಸಾಲಿಗೆ ತರಲು ಹೆಣಗಿದ. ಜರ್ಮನ್ನರು ತೀರ ಹತ್ತಿರ ಬಂದುಬಿಟ್ಟರು. ದೇಹವನ್ನು ಅಲ್ಲೇ ಇಳಿಸಿದ.

ಆಮೇಲೆ ಅದು ಸಿಗಲೇ ಇಲ್ಲ. ಗೋರಿ ಸಿಗದವರ ಹೆಸರು ಕೆತ್ತಿದ ಆರಾಸ್‌ನ ಕಲ್ಲುಗೋಡೆಯ ಮೇಲೆ ವಾಲ್ಟರನ ಹೆಸರಿದೆ.